ಕಕ್ಕಡ ದಾಟುವ ಕಂಪ್ಯೂಟರ್

ನಾನು ಕಟ್ಟಿಕೊಟ್ಟ ಮೊದಲ ಕಂಪ್ಯೂಟರ್ ಕಕ್ಕಡದಲ್ಲಿ, ಅಂದರೆ ಕೊಡಗಿನಲ್ಲಿ ಮಳೆ ಜೋರಾಗಿರುವ ಜುಲೈ-ಆಗಸ್ಟ್ ನಡುವಿನ ತಿಂಗಳಲ್ಲಿ, ಸತ್ತಿತು. ನಾಪೋಕ್ಲು ಕಡೆ ಚಿಕ್ಕಪ್ಪನ ತೋಟದ ಆಫೀಸಿಗೆ ಅಂತ ಜೋಡಿಸಿದ್ದೆ. ಮೂರು ದಿನದಿಂದ ಮಳೆ ಬಿಟ್ಟಿರಲಿಲ್ಲ. ಕರೆಂಟು ಹೋಗುವುದು, ಬರುವುದು, ಮತ್ತೆ ಹೋಗುವುದು. ನಾಲ್ಕನೇ ಸಲ ಬಂದಾಗ ಕ್ಯಾಬಿನೆಟ್ ಒಳಗೆ 'ಟಪ್' ಅಂತ ಸದ್ದಾಯಿತಂತೆ. ತೋಟದ ರೈಟರ್, ಅಂದರೆ ಲೆಕ್ಕ ಬರೆಯುವವರು, ಫೋನ್ ಮಾಡಿ, "ಸಾರ್, ಪಟಾಕಿ ವಾಸನೆ ಬರ್ತಿದೆ" ಅಂದರು.

ಅದರಲ್ಲಿ ಪ್ರೊಸೆಸರ್ ಚೆನ್ನಾಗೇ ಇತ್ತು. ಬೇಕಾದದ್ದಕ್ಕಿಂತ ಜಾಸ್ತಿಯೇ ಇತ್ತು ಅನ್ನಿ. ಸುಟ್ಟುಹೋಗಿದ್ದು ಎಸ್‌ಎಂಪಿಎಸ್, ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಹದ ಮಾಡಿ ಕೊಡುವ ಡಬ್ಬ. ಕ್ಯಾಬಿನೆಟ್ ಜೊತೆ ಪುಕ್ಕಟೆ ಬಂದಿತ್ತು. ಹೋಗುವಾಗ ಎಲ್ಲ ಭಾಗಗಳೂ ಕೂರುವ ಹಲಗೆಯಾದ ಮದರ್‌ಬೋರ್ಡನ್ನೂ ಕರೆದುಕೊಂಡು ಹೋಯಿತು. ಪುಕ್ಕಟೆಯ ವಸ್ತು ಕೊನೆಗೆ ಎಷ್ಟು ದುಬಾರಿಯಾಯಿತು ಅಂತ ಚಿಕ್ಕಪ್ಪ ಇವತ್ತಿಗೂ ನೆನಪಿಸುತ್ತಾರೆ.

ಆಮೇಲೆ ತೋಟದ ಆಫೀಸು, ಹೋಂಸ್ಟೇ, ಸಣ್ಣ ಅಂಗಡಿ ಅಂತ ಹತ್ತಾರು ಕಡೆ ಕಂಪ್ಯೂಟರ್ ಜೋಡಿಸಿಕೊಟ್ಟಿದ್ದೇನೆ. ಕಲಿತದ್ದು ಇಷ್ಟು. ನಮ್ಮ ಕಡೆ ಆಫೀಸ್ ಕಂಪ್ಯೂಟರ್ ಶಕ್ತಿ ಸಾಲದೆ ಕೆಡುವುದಿಲ್ಲ. ಕೆಡಿಸುವುದು ಕರೆಂಟು, ಸಿಡಿಲು, ತೇವ, ಇರುವೆ. ಹಾಗಾಗಿ ಕೈಯಲ್ಲಿರುವ ಹಣ ಕಡಿಮೆ ಇದ್ದಷ್ಟೂ ಪ್ರೊಸೆಸರಿನಿಂದ ಕಿತ್ತು ಬೇರೆ ಕಡೆ ಹಾಕಬೇಕು. ಇಂಟರ್ನೆಟ್ಟಿನಲ್ಲಿ ಸಿಗುವ ಹೆಚ್ಚಿನ ಸಲಹೆ ಇದಕ್ಕೆ ಉಲ್ಟಾ. ಅದನ್ನು ಬರೆಯುವವರಿಗೆ ಮಡಿಕೇರಿಯ ಮಳೆ ಗೊತ್ತಿಲ್ಲ, ವರ್ಷಕ್ಕೆ 3,000 ಮಿ.ಮೀ. ಮೀರುವ ಮಳೆ.

ಕೆಲಸ ಏನು ಅಂತ ಮೊದಲು ನೋಡಿ

ಚಿಕ್ಕಪ್ಪನ ಆಫೀಸಿನಲ್ಲಿ ನಡೆಯುವ ಕೆಲಸ ಹೀಗಿದೆ. ಎಕ್ಸೆಲ್‌ನಲ್ಲಿ ಚೆಕ್‌ರೋಲ್, ಅಂದರೆ ಕೆಲಸದವರ ಹಾಜರಿ ಮತ್ತು ಕೂಲಿ ಲೆಕ್ಕ. ಕಾಫಿ ಚೆರ್ರಿ ಎಷ್ಟು ಚೀಲ ಹೋಯಿತು, ಔಟ್‌ಟರ್ನ್ ಎಷ್ಟು ಬಂತು, ಅಂದರೆ ಅದರಿಂದ ಬೀಜ ಎಷ್ಟು ಸಿಕ್ಕಿತು ಅನ್ನುವ ಲೆಕ್ಕ. ಪಹಣಿ ಪ್ರಿಂಟು. ಬ್ಯಾಂಕಿಗೋ ಪಂಚಾಯಿತಿಗೋ ಕನ್ನಡದಲ್ಲಿ ಒಂದು ಪತ್ರ. ಜಿಎಸ್‌ಟಿ ಕೆಲಸಕ್ಕೆ ಬ್ರೌಸರ್. ಸಂಜೆ ಯೂಟ್ಯೂಬಿನಲ್ಲಿ ಹಳೇ ಹಾಕಿ ಮ್ಯಾಚು. ಇದಕ್ಕೆ ಬೇರೆ ಗ್ರಾಫಿಕ್ಸ್ ಕಾರ್ಡ್ ಬೇಡ, ನೀರಿನ ಕೂಲರ್ ಬೇಡ, ಬಣ್ಣಬಣ್ಣದ ಲೈಟಿನ ಫ್ಯಾನ್ ಅಂತೂ ಬೇಡವೇ ಬೇಡ.

ಒಳಗೆ ಏನು ನಡೆಯುತ್ತದೆ ಅನ್ನುವುದನ್ನು ಆಫೀಸನ್ನೇ ನೋಡಿ ಹೇಳಬಹುದು. ಪ್ರೊಸೆಸರ್ ಅಂದರೆ ರೈಟರ್, ಲೆಕ್ಕ ಮಾಡುವವರು. ರ‍್ಯಾಮ್ ಅಂದರೆ ಅವರ ಮೇಜು, ಸದ್ಯ ಬೇಕಾದ ಪುಸ್ತಕಗಳೆಲ್ಲ ಬಿಚ್ಚಿಕೊಂಡಿರುವ ಜಾಗ. ಸ್ಟೋರೇಜ್ ಅಂದರೆ ಮೂಲೆಯ ಬೀರು. ರೈಟರ್ ಎಷ್ಟೇ ಚುರುಕಾಗಿರಲಿ, ಪ್ರತಿ ಪುಟಕ್ಕೂ ಎದ್ದು ಹೋಗಿ ಬೀರು ತಡಕಾಡುವಂತಾದರೆ ದಿನದ ಕೆಲಸ ಮುಗಿಯುವುದಿಲ್ಲ. "ಕಂಪ್ಯೂಟರ್ ಸ್ಲೋ ಆಗಿದೆ" ಅನ್ನುವ ಹತ್ತು ದೂರಿನಲ್ಲಿ ಎಂಟು ಈ ಬೀರುವಿನದ್ದೇ, ರೈಟರದ್ದಲ್ಲ.

ಹಳೇ ಹಾರ್ಡ್‌ಡಿಸ್ಕ್ ಒಳಗೆ ತಟ್ಟೆಯೊಂದು ನಿಮಿಷಕ್ಕೆ 7,200 ಸುತ್ತು ಸುತ್ತುತ್ತದೆ. ಕೇಳಲು ಜೋರಾಗಿಯೇ ಇದೆ. ಆದರೆ ಒಂದು ಸುತ್ತಿಗೆ 8.3 ಮಿಲಿಸೆಕೆಂಡ್ ಬೇಕು. ಬೇಕಾದ ಜಾಗ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಮುಳ್ಳು ಸರಿಯಾದ ಸಾಲಿಗೆ ಸರಿಯಲು ಇನ್ನಷ್ಟು ಹೊತ್ತು. ಹಾಗಾಗಿ ಅಲ್ಲೊಂದು ಇಲ್ಲೊಂದು ಇರುವ ಚೂರುಗಳನ್ನು ಓದುವಾಗ ಸೆಕೆಂಡಿಗೆ ನೂರರ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ವಿಂಡೋಸ್ ಶುರುವಾಗುವಾಗ ಇಂಥ ಸಾವಿರಾರು ಚೂರುಗಳನ್ನು ಓದಬೇಕು. ಅದಕ್ಕೇ ಬಟನ್ ಒತ್ತಿ ಕಾಫಿ ಕುಡಿದು ಬರುವ ಪದ್ಧತಿ ಬಂದದ್ದು. ಎಸ್‌ಎಸ್‌ಡಿಯಲ್ಲಿ ತಿರುಗುವ ವಸ್ತುವೇ ಇಲ್ಲ. ಒಂದು ಚೂರಿಗೆ ಮಿಲಿಸೆಕೆಂಡಿನ ಹತ್ತನೇ ಒಂದು ಭಾಗವೋ ಅದಕ್ಕಿಂತ ಕಡಿಮೆಯೋ ಸಾಕು.

ಎಸ್‌ಎಸ್‌ಡಿಯಲ್ಲೂ ಎರಡು ಬಗೆ ಇದೆ. ಸಾಟಾ ಬಗೆಯದು ಸೆಕೆಂಡಿಗೆ ಸುಮಾರು 550 ಎಂಬಿ ಓದುತ್ತದೆ. ಮದರ್‌ಬೋರ್ಡಿನ ಮೇಲೇ ಮಲಗುವ ಎನ್‌ವಿಎಂಇ ಬಗೆಯದು ಅದರ ಐದಾರು ಪಟ್ಟು. ಆದರೆ ಚೆಕ್‌ರೋಲ್ ತೆರೆಯುವಾಗ ಎರಡರ ನಡುವಿನ ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ. ಬೋರ್ಡಿನಲ್ಲಿ ಜಾಗ ಇದ್ದರೆ ಎನ್‌ವಿಎಂಇ ಹಾಕಿ, ಎರಡು ಕೇಬಲ್ ಉಳಿಯುತ್ತದೆ. 256 ಜಿಬಿ ಸಾಕು, 500 ಜಿಬಿ ಇದ್ದರೆ ನಿಶ್ಚಿಂತೆ.

ರ‍್ಯಾಮ್ 8 ಜಿಬಿ ಇದ್ದರೆ ನಡೆಯುತ್ತದೆ, 16 ಇದ್ದರೆ ಆರಾಮ. 2025ರ ಕೊನೆಯಿಂದ ರ‍್ಯಾಮ್ ಬೆಲೆ ವಿಪರೀತ ಏರಿದೆ. ಎಐ ಸರ್ವರ್‌ಗಳಿಗೆ ಬೇಡಿಕೆ ಜಾಸ್ತಿಯಾಗಿ ನಮ್ಮಂಥವರ ಪಾಲು ತುಟ್ಟಿಯಾಯಿತು. ಹಾಗಾಗಿ ಸದ್ಯಕ್ಕೆ 8 ಜಿಬಿಯ ಒಂದೇ ಪಟ್ಟಿ ತೆಗೆದುಕೊಳ್ಳಿ. ಇನ್ನೊಂದು ಸ್ಲಾಟ್ ಖಾಲಿ ಇರಲಿ. 4 ಜಿಬಿಯ ಎರಡು ಹಾಕಿಸಿಕೊಂಡು ಎರಡೂ ಸ್ಲಾಟ್ ತುಂಬಿಸಿಕೊಳ್ಳಬೇಡಿ, ಆಮೇಲೆ ಎರಡನ್ನೂ ಬಿಸಾಡಬೇಕಾಗುತ್ತದೆ.

ಒಂದು ಸೊನ್ನೆ, ಒಂದು ಅಕ್ಷರ

ಪ್ರೊಸೆಸರ್ ವಿಷಯದಲ್ಲಿ ನನ್ನ ಸಲಹೆ ಚಿಕ್ಕದು. ಇಂಟೆಲ್ ಐ3-12100 ಅಥವಾ ಅದರ ಆಸುಪಾಸಿನದ್ದು, ಇಲ್ಲವೇ ಎಎಂಡಿಯ ರೈಜನ್‌ನಲ್ಲಿ ಹೆಸರಿನ ಕೊನೆಗೆ 'ಜಿ' ಇರುವುದು, 5600ಜಿ ಥರ. ಎರಡರಲ್ಲೂ ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಒಳಗೇ ಇದೆ. ಐ3-12100ರಲ್ಲಿ ನಾಲ್ಕು ಕೋರ್, ಎಂಟು ಥ್ರೆಡ್, ಅಂದರೆ ನಾಲ್ವರು ರೈಟರ್ ಕೂತು ಎಂಟು ಕೆಲಸ ಒಟ್ಟಿಗೆ ಹಿಡಿದಂತೆ. ತೋಟದ ಲೆಕ್ಕ ಹಾಗಿರಲಿ, ಸಹಕಾರ ಸಂಘದ ಲೆಕ್ಕವನ್ನೂ ಹಾಕಬಹುದು.

ಎಚ್ಚರ ಬೇಕಿರುವುದು ಹೆಸರುಗಳಲ್ಲಿ. ಐ3-12100 ಮತ್ತು ಐ3-12100ಎಫ್ ಅಂತ ಎರಡಿವೆ. 'ಎಫ್' ಇರುವುದು ಸ್ವಲ್ಪ ಅಗ್ಗ. ಅಗ್ಗ ಯಾಕೆ ಅಂದರೆ ಅದರಲ್ಲಿ ಗ್ರಾಫಿಕ್ಸ್ ಇಲ್ಲ. ತಂದು ಜೋಡಿಸಿದರೆ ಫ್ಯಾನ್ ತಿರುಗುತ್ತದೆ, ಲೈಟ್ ಉರಿಯುತ್ತದೆ, ಪರದೆ ಮಾತ್ರ ಕಪ್ಪು. ಆಗ ಗ್ರಾಫಿಕ್ಸ್ ಕಾರ್ಡಿಗೆ ಅಂತ ಬೇರೆ ಹಣ ಹಾಕಬೇಕು.

ಇನ್ನೊಂದು ಸೊನ್ನೆಯ ಕಥೆ. ಮದರ್‌ಬೋರ್ಡುಗಳಲ್ಲಿ ಎಚ್61 ಅಂತ ಒಂದು, ಎಚ್610 ಅಂತ ಇನ್ನೊಂದು. ಬರೆಯುವಾಗ ಒಂದು ಸೊನ್ನೆ ವ್ಯತ್ಯಾಸ, ಕಾಲದಲ್ಲಿ ಹನ್ನೊಂದು ವರ್ಷ. ಎಚ್61 ಬಂದದ್ದು 2011ರಲ್ಲಿ, ಎಚ್610 ಬಂದದ್ದು 2022ರಲ್ಲಿ. ಹಳೇ ಎಚ್61 ಬೋರ್ಡನ್ನು ಇವತ್ತಿಗೂ ಹೊಸದಾಗಿ ಮಾಡಿ, ಹೊಸ ಡಬ್ಬದಲ್ಲಿ ಹಾಕಿ, ಹಳೇ ಐ5 ಪ್ರೊಸೆಸರ್ ಜೊತೆ ಕಾಂಬೊ ಅಂತ ಮಾರುತ್ತಾರೆ. "ಐ5 ಕಂಪ್ಯೂಟರ್, ಇಷ್ಟು ಕಮ್ಮಿಗೆ!" ಅಂತ ಕೇಳಿದಾಗ ಖುಷಿಯಾಗುತ್ತದೆ. ನನಗೂ ಒಂದು ಅಂಗಡಿಯಲ್ಲಿ ಹೀಗೇ ಖುಷಿಯಾಗಿತ್ತು, ಬಿಲ್ಲಿನಲ್ಲಿ ಏನು ಬರೆದಿದೆ ಅಂತ ಮನೆಗೆ ಬಂದು ನೋಡುವವರೆಗೆ.

ಐ3, ಐ5, ಐ7 ಅನ್ನುವುದು ಆ ವರ್ಷದ ಬ್ಯಾಚಿನೊಳಗಿನ ದರ್ಜೆ ಅಷ್ಟೇ. ಯಾವ ಬ್ಯಾಚು ಅಂತ ಹೇಳುವುದು ಗೆರೆಯ ನಂತರದ ಅಂಕಿ. ಐ5-2400 ಅಂದರೆ ಎರಡನೇ ತಲೆಮಾರು, 2011ರದ್ದು. ಐ5-8500 ಅಂದರೆ ಎಂಟನೇ ತಲೆಮಾರು. ಐ3-12100 ಅಂದರೆ ಹನ್ನೆರಡನೇದು. ಹನ್ನೆರಡನೇ ತಲೆಮಾರಿನ ಐ3 ಎದುರು ಎರಡನೇ ತಲೆಮಾರಿನ ಐ5 ನಿಲ್ಲುವುದೇ ಇಲ್ಲ.

ಈ ಎಂಟನೇ ತಲೆಮಾರು ನೆನಪಿಡಬೇಕಾದ ಗಡಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಬೇಕು ಅಂದರೆ ಇಂಟೆಲ್‌ನಲ್ಲಿ ಹೆಚ್ಚುಕಡಿಮೆ ಎಂಟನೇ ತಲೆಮಾರಿನಿಂದ ಮೇಲೆ ಇರಬೇಕು, ಜೊತೆಗೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ಪಿನ ಸೌಲಭ್ಯ. ಅದಕ್ಕಿಂತ ಹಳೆಯದರಲ್ಲಿ ಅಡ್ಡದಾರಿ ಹಿಡಿದು ಹಾಕಿಕೊಡುವವರಿದ್ದಾರೆ. ಬ್ಯಾಂಕ್ ಪಾಸ್‌ವರ್ಡ್ ಹಾಕುವ ಕಂಪ್ಯೂಟರಿಗೆ ಅಡ್ಡದಾರಿ ಯಾಕೆ, ಅಲ್ವಾ?

ಹಣ ತೀರಾ ಕಡಿಮೆ ಇದ್ದರೆ ಕಟ್ಟುವುದೇ ಬೇಡ. ಬೆಂಗಳೂರಿನ ದೊಡ್ಡ ಕಂಪನಿಗಳು ಕೆಲವು ವರ್ಷ ಬಳಸಿ ಹೊರಹಾಕಿದ ಡೆಸ್ಕ್‌ಟಾಪ್‌ಗಳು ಅಲ್ಲಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್‌ಪಿ ರೋಡಿನಲ್ಲಿ ರಾಶಿ ಬಿದ್ದಿರುತ್ತವೆ. ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಪ್ರೊಡೆಸ್ಕ್, ಲೆನೊವೊ ಥಿಂಕ್‌ಸೆಂಟರ್. ಐ5-8500 ಇರುವ ಇಂಥ ಒಂದಕ್ಕೆ ಹೊಸ ಎಸ್‌ಎಸ್‌ಡಿ ಹಾಕಿದರೆ ಆಫೀಸಿಗೆ ಧಾರಾಳ. ಇವುಗಳಲ್ಲಿ ಹೆಚ್ಚಿನವಕ್ಕೆ ಅಸಲಿ ವಿಂಡೋಸ್ ಲೈಸೆನ್ಸೂ ಅಂಟಿಕೊಂಡೇ ಬಂದಿರುತ್ತದೆ. ಒಂದೇ ತೊಡಕು, ಇವುಗಳ ಎಸ್‌ಎಂಪಿಎಸ್ ಆಯಾ ಕಂಪನಿಯ ಅಳತೆಯದು. ಸುಟ್ಟರೆ ಕುಶಾಲನಗರದಲ್ಲೋ ವಿರಾಜಪೇಟೆಯಲ್ಲೋ ಅಂಗಡಿಗೆ ಹೋಗಿ ಅದೇ ಸಂಜೆ ಬದಲಾಯಿಸುವುದು ಕಷ್ಟ. ಮಾಮೂಲಿ ಎಟಿಎಕ್ಸ್ ಅಳತೆಯದಾದರೆ ಸಿಗುತ್ತದೆ.

ಹೊಸದಾಗಿ ಕಟ್ಟುವುದಾದರೆ ಬಿಡಿಭಾಗ ಎಲ್ಲಿ ಕೊಳ್ಳಬೇಕು? ಎಸ್‌ಪಿ ರೋಡಿನಲ್ಲಿ ಅಗ್ಗ, ಆನ್‌ಲೈನಿನಲ್ಲೂ ಅಗ್ಗ. ಮಡಿಕೇರಿಯಿಂದ ಮೈಸೂರಿಗೇ ಸುಮಾರು 120 ಕಿ.ಮೀ., ಬೆಂಗಳೂರು ಇನ್ನೂ ಅಷ್ಟು ಆಚೆ. ವಾರಂಟಿಗೆ ಒಂದು ಸಲ ಓಡಾಡಿದರೆ ಉಳಿಸಿದ ಹಣ ಬಸ್ ಚಾರ್ಜಿಗೆ ಹೋಗುತ್ತದೆ. ನಾನು ಮಾಡುವುದು ಹೀಗೆ. ಅಪರೂಪಕ್ಕೆ ಕೆಡುವ ಪ್ರೊಸೆಸರ್, ರ‍್ಯಾಮ್ ಎಲ್ಲಿ ಅಗ್ಗವೋ ಅಲ್ಲಿ. ಕೆಡುವ ಸಾಧ್ಯತೆ ಜಾಸ್ತಿ ಇರುವ ಎಸ್‌ಎಂಪಿಎಸ್, ಯುಪಿಎಸ್, ಮಾನಿಟರ್ ಊರಿನ ಅಂಗಡಿಯಲ್ಲಿ, ನಾಲ್ಕು ಕಾಸು ಜಾಸ್ತಿ ಕೊಟ್ಟು. ಜಿಎಸ್‌ಟಿ ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ಬಿಲ್ಲನ್ನು ಫೋಟೋ ತೆಗೆದಿಡಿ, ಕಾಗದಕ್ಕೆ ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತದೆ.

ಮಾನಿಟರ್ ಬಗ್ಗೆ ಒಂದೇ ಮಾತು. 18.5 ಇಂಚಿನ 1366×768 ಪರದೆ ಅಗ್ಗಕ್ಕೆ ಸಿಗುತ್ತದೆ. ಇಂಗ್ಲಿಷ್ ಓದುವವರಿಗೆ ಅದು ನಡೆಯಬಹುದು. ಕನ್ನಡದ ಒತ್ತಕ್ಷರ ಅದರಲ್ಲಿ ಕಲಸಿ ಹೋಗುತ್ತದೆ. 'ಷ್ಟ್ರ'ದಲ್ಲಿ ಟ ಎಲ್ಲಿ, ರ ಎಲ್ಲಿ ಅಂತ ಹುಡುಕಬೇಕು. ಆ ಪರದೆಯಲ್ಲಿ ಇಂಚಿಗೆ ಸುಮಾರು 85 ಚುಕ್ಕೆ. 21.5 ಇಂಚಿನ 1920×1080 ಪರದೆಯಲ್ಲಿ 102. ಐವತ್ತು ದಾಟಿದ ರೈಟರ್ ಕಣ್ಣಿಗೆ ಇದು ದೊಡ್ಡ ವ್ಯತ್ಯಾಸ.

ಗೋಡೆಯಿಂದ ಬರುವ ಕರೆಂಟು

ಈಗ ಅಸಲಿ ವಿಷಯ.

ಮನೆಗೆ ಬರಬೇಕಾದದ್ದು 230 ವೋಲ್ಟ್. ಕಂಬದ ಮೇಲೆ ಮೂರು ಫೇಸ್ ತಂತಿ, ಒಂದು ನ್ಯೂಟ್ರಲ್ ಇರುತ್ತದೆ. ಒಂದು ಫೇಸಿಗೂ ನ್ಯೂಟ್ರಲ್‌ಗೂ ನಡುವೆ 230. ಎರಡು ಫೇಸುಗಳ ನಡುವೆ ಸುಮಾರು 400. ಗಾಳಿಗೆ ಸಿಲ್ವರ್ ಓಕ್ ಕೊಂಬೆಯೊಂದು ಬಿದ್ದು ನ್ಯೂಟ್ರಲ್ ತಂತಿ ಮಾತ್ರ ಕಡಿಯಿತು ಅಂತ ಇಟ್ಟುಕೊಳ್ಳಿ. ಕರೆಂಟು ಹೋಗುವುದಿಲ್ಲ. ಬದಲಿಗೆ ಬೇರೆ ಬೇರೆ ಫೇಸಿನಲ್ಲಿರುವ ಮನೆಗಳು ಒಂದರ ಹಿಂದೆ ಒಂದು ಜೋಡಿಸಿದಂತಾಗುತ್ತವೆ. ಲೋಡ್ ಕಡಿಮೆ ಇರುವ ಮನೆಗೆ 400ರ ಹತ್ತಿರ ವೋಲ್ಟ್ ಬೀಳಬಹುದು. ಬಲ್ಬು ಇದ್ದಕ್ಕಿದ್ದ ಹಾಗೆ ಝಗ್ಗನೆ ಬೆಳಗಿ ಪಕ್ಕದ ಮನೆಯಲ್ಲಿ ಮಂಕಾದರೆ ಇದೇ ಆಗಿದೆ ಅಂತ ತಿಳಿಯಿರಿ. ತಕ್ಷಣ ಮೇನ್ ಆಫ್ ಮಾಡಿ, ಲೈನ್‌ಮನ್‌ಗೆ ಹೇಳಿ.

ಈ ಹೊಡೆತ ಮೊದಲು ತಾಗುವುದು ಎಸ್‌ಎಂಪಿಎಸ್‌ಗೆ. ಒಳ್ಳೆಯದಾದರೆ ತಾನು ಸತ್ತು ಉಳಿದವರನ್ನು ಉಳಿಸುತ್ತದೆ. ವೋಲ್ಟೇಜ್ ಮೀರಿದಾಗ ಹೊರಗೆ ಕೊಡುವುದನ್ನು ನಿಲ್ಲಿಸುವ ವ್ಯವಸ್ಥೆ ಅದರೊಳಗೆ ಇರುತ್ತದೆ. ಕ್ಯಾಬಿನೆಟ್ ಜೊತೆ ಬರುವ ಪುಕ್ಕಟೆ ಡಬ್ಬದಲ್ಲಿ ಈ ಭಾಗಗಳನ್ನು ಹಾಕಬೇಕಾದ ಜಾಗ ಖಾಲಿ ಇರುತ್ತದೆ. ಮೇಲೆ '450 ವ್ಯಾಟ್' ಅಂತ ಸ್ಟಿಕ್ಕರ್ ಮಾತ್ರ ಇರುತ್ತದೆ. ಕೈಯಲ್ಲಿ ಹಿಡಿದರೇ ಗೊತ್ತಾಗುತ್ತದೆ, ಖಾಲಿ ಬಿಸ್ಕತ್ ಡಬ್ಬದಷ್ಟು ಹಗುರ.

ವ್ಯಾಟ್ ಅಂಕಿಯ ಹಿಂದೆ ಓಡಬೇಡಿ. ಆಫೀಸ್ ಕೆಲಸದಲ್ಲಿ ನಾನು ಹೇಳಿದ ಇಡೀ ಪಿಸಿ ಎಳೆಯುವುದು 30ರಿಂದ 60 ವ್ಯಾಟ್. 50 ಅಂತ ಹಿಡಿದರೆ ದಿನಕ್ಕೆ ಎಂಟು ಗಂಟೆಯಂತೆ 25 ದಿನಕ್ಕೆ ಹತ್ತು ಯೂನಿಟ್ ಕರೆಂಟು. 400 ವ್ಯಾಟಿನ ಅಸಲಿ ಡಬ್ಬ ಬೇಕಾದಷ್ಟಾಯಿತು. ಅದರ ಮೇಲೆ '80 ಪ್ಲಸ್' ಗುರುತು ಇದೆಯಾ ನೋಡಿ. ಎಳೆದುಕೊಂಡ ಕರೆಂಟಿನಲ್ಲಿ ಶೇಕಡಾ 80ಕ್ಕಿಂತ ಜಾಸ್ತಿ ಕೆಲಸಕ್ಕೆ ಹೋಗುತ್ತದೆ, ಉಳಿದದ್ದು ಮಾತ್ರ ಬಿಸಿಯಾಗಿ ಹೋಗುತ್ತದೆ ಅಂತ ಅದರ ಅರ್ಥ. ಕರೆಂಟ್ ಬಿಲ್ ಉಳಿಯಲಿ ಅಂತ ನಾನು ಇದನ್ನು ಹೇಳುತ್ತಿಲ್ಲ. ಆ ಪರೀಕ್ಷೆ ಪಾಸಾಗಲು ಒಳಗೆ ನಿಜವಾದ ಭಾಗಗಳು ಇರಲೇಬೇಕು, ಅದಕ್ಕೆ.

ಇನ್ನು ಕರೆಂಟು ಹೋದಾಗ. ಕರೆಂಟು ಕಡಿದ ಮೇಲೂ ಒಳ್ಳೆಯ ಎಸ್‌ಎಂಪಿಎಸ್ ಸುಮಾರು 16 ಮಿಲಿಸೆಕೆಂಡ್ ತನ್ನೊಳಗಿನ ಕೆಪಾಸಿಟರ್ ಬಲದಲ್ಲಿ ಉಸಿರು ಹಿಡಿಯುತ್ತದೆ. ಅಷ್ಟರೊಳಗೆ ಬೇರೆ ಕಡೆಯಿಂದ ಕರೆಂಟು ಬಂದರೆ ಕಂಪ್ಯೂಟರಿಗೆ ಏನೂ ಗೊತ್ತೇ ಆಗುವುದಿಲ್ಲ. ಯುಪಿಎಸ್ ಸಾಮಾನ್ಯವಾಗಿ ಹತ್ತು ಮಿಲಿಸೆಕೆಂಡಿನೊಳಗೆ ಬ್ಯಾಟರಿಗೆ ಬದಲಾಗುತ್ತದೆ. ಲೆಕ್ಕ ಸರಿಹೋಯಿತು.

"ಮನೆಯಲ್ಲಿ ಇನ್ವರ್ಟರ್ ಇದೆಯಲ್ಲ, ಯುಪಿಎಸ್ ಯಾಕೆ?" ಅಂತ ಎಲ್ಲರೂ ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಇನ್ವರ್ಟರ್ ಹಿಂಬದಿಯಲ್ಲಿ ಒಂದು ಸಣ್ಣ ಸ್ವಿಚ್ ಇರುತ್ತದೆ. ಒಂದು ಕಡೆ 'ನಾರ್ಮಲ್' ಅಥವಾ 'ಇಕೋ', ಇನ್ನೊಂದು ಕಡೆ 'ಯುಪಿಎಸ್'. ನಾರ್ಮಲ್‌ನಲ್ಲಿದ್ದಾಗ ಅದು ಸುಮಾರು 100ರಿಂದ 290 ವೋಲ್ಟಿನವರೆಗೆ ಬಂದದ್ದನ್ನೆಲ್ಲ ಹಾಗೇ ಒಳಗೆ ಬಿಡುತ್ತದೆ, ಬದಲಾಗುವುದೂ ನಿಧಾನ. ಫ್ಯಾನು, ಲೈಟಿಗೆ ಅದು ಸಾಕು. ಯುಪಿಎಸ್ ಕಡೆ ತಿರುಗಿಸಿದರೆ 180ರಿಂದ 260ರ ಆಚೆ ಹೋದ ಕೂಡಲೇ ಬ್ಯಾಟರಿಗೆ ಬರುತ್ತದೆ, ಬೇಗನೂ ಬದಲಾಗುತ್ತದೆ. ಇನ್ವರ್ಟರ್ ಸೈನ್ ವೇವ್ ಬಗೆಯದಾಗಿದ್ದರೆ, ಅಂದರೆ ಗೋಡೆಯ ಕರೆಂಟಿನಂತೆ ನಯವಾದ ಅಲೆ ಕೊಡುವುದಾದರೆ, ಸ್ವಿಚ್ ಯುಪಿಎಸ್ ಕಡೆ ಇದ್ದರೆ, ಪ್ರತ್ಯೇಕ ಯುಪಿಎಸ್ ಇಲ್ಲದೆಯೂ ಕೆಲಸ ನಡೆಯುವುದುಂಟು. ಹಳೇ ಸ್ಕ್ವೇರ್ ವೇವ್ ಇನ್ವರ್ಟರ್ ಆದರೆ ಬೇಡ. ಕೆಲವು ಒಳ್ಳೆಯ ಎಸ್‌ಎಂಪಿಎಸ್‌ಗಳು ಆ ಒರಟು ಅಲೆಗೆ ಗುಂಯ್ ಅಂತ ಸದ್ದು ಮಾಡುತ್ತವೆ, ಇಲ್ಲವೇ ಆಫ್ ಆಗಿಬಿಡುತ್ತವೆ.

ಕಂಪ್ಯೂಟರ್ ಯುಪಿಎಸ್ ಕೊಂಡರೆ 600 ವಿಎ ಸಾಕು. ಅದರಲ್ಲಿ ಇರುವುದು 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿ. ಗುಣಿಸಿದರೆ 84 ವ್ಯಾಟ್-ಅವರ್. ನಷ್ಟವೆಲ್ಲ ಕಳೆದು ಪಿಸಿ, ಮಾನಿಟರ್ ಎರಡಕ್ಕೂ ಸುಮಾರು 20 ನಿಮಿಷ ಸಿಗುತ್ತದೆ ಅಂತ ಇಟ್ಟುಕೊಳ್ಳಿ. ಫೈಲ್ ಸೇವ್ ಮಾಡಿ ಶಟ್‌ಡೌನ್ ಮಾಡಲು ಎರಡು ನಿಮಿಷ ಸಾಕು. ಬ್ಯಾಟರಿ ಎರಡು ಮೂರು ವರ್ಷಕ್ಕೆ ಬಸವಳಿಯುತ್ತದೆ, ಅದನ್ನೊಂದೇ ಬದಲಾಯಿಸಬಹುದು. ಲೇಸರ್ ಪ್ರಿಂಟರನ್ನು ಮಾತ್ರ ಯುಪಿಎಸ್‌ಗೆ ಚುಚ್ಚಬೇಡಿ. ಪುಡಿ ಶಾಯಿಯನ್ನು ಕಾಗದಕ್ಕೆ ಕರಗಿಸಿ ಅಂಟಿಸುವ ಹೀಟರ್ ಅದರಲ್ಲಿದೆ. ಅದು ಒಮ್ಮೆಲೇ ನೂರಾರು ವ್ಯಾಟ್ ಎಳೆದರೆ ಯುಪಿಎಸ್ ಅಲ್ಲೇ ಕುಸಿಯುತ್ತದೆ.

ಕಂಪ್ಯೂಟರ್ ಮುಟ್ಟಿದರೆ ಜುಂ ಅನ್ನುತ್ತದೆ ಅನ್ನುವುದು ನಮ್ಮ ಕಡೆಯ ಹಳೇ ಮನೆಗಳ ಇನ್ನೊಂದು ದೂರು. ಇದರ ಕಾರಣ ಸ್ವಾರಸ್ಯವಾಗಿದೆ. ಎಸ್‌ಎಂಪಿಎಸ್ ಒಳಗೆ ವಿದ್ಯುತ್ತಿನ ಗದ್ದಲ ಸೋಸಲು ಎರಡು ಪುಟ್ಟ ಕೆಪಾಸಿಟರ್ ಇರುತ್ತವೆ. ಒಂದು ಫೇಸಿನಿಂದ ಲೋಹದ ಕವಚಕ್ಕೆ, ಇನ್ನೊಂದು ನ್ಯೂಟ್ರಲ್‌ನಿಂದ ಕವಚಕ್ಕೆ. ಕವಚವನ್ನು ಅರ್ತ್ ತಂತಿ ನೆಲಕ್ಕೆ ಕಟ್ಟಿಹಾಕಿರಬೇಕು. ಅರ್ತ್ ಇಲ್ಲದಿದ್ದರೆ ಕವಚ ಎರಡರ ನಡುವೆ ನೇತಾಡುತ್ತದೆ, ಅಂದರೆ 230ರ ಅರ್ಧ, ಸುಮಾರು 115 ವೋಲ್ಟಿನಲ್ಲಿ. ಹರಿಯುವ ಕರೆಂಟು ತೀರಾ ಕಡಿಮೆ, ಹಾಗಾಗಿ ಜುಂ ಅನ್ನುತ್ತದೆ ಅಷ್ಟೇ. ಆದರೆ ಅದು 'ನಿಮ್ಮ ಮನೆಯಲ್ಲಿ ಅರ್ತ್ ಇಲ್ಲ' ಅಂತ ಕಂಪ್ಯೂಟರ್ ಹೇಳುತ್ತಿರುವ ಮಾತು. ಒಳಗೆ ಬೇರೇನಾದರೂ ಕೆಟ್ಟು ಫೇಸೇ ಕವಚಕ್ಕೆ ತಾಗಿದರೆ ಆಗ ಬರೀ ಜುಂ ಆಗಿರುವುದಿಲ್ಲ. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಸಾಕೆಟ್ಟಿಗೆ ಸಿಕ್ಕಿಸುವ ಆ ಅಡಾಪ್ಟರ್ ಇದೆಯಲ್ಲ, ಅದನ್ನು ಮೊದಲು ಕಸಕ್ಕೆ ಹಾಕಿ. ಎಲೆಕ್ಟ್ರಿಶಿಯನ್ ಕರೆಸಿ ಅರ್ತ್ ಗುಂಡಿ ತೆಗೆಸಿ. ಗುಂಡಿ ಇದ್ದವರು ಮಾರ್ಚ್ ಏಪ್ರಿಲ್‌ನಲ್ಲಿ ಅದಕ್ಕೆ ಒಂದೆರಡು ಕೊಡ ನೀರು ಹುಯ್ಯಿರಿ, ಒಣ ಮಣ್ಣಿನಲ್ಲಿ ಕರೆಂಟು ಇಳಿಯುವುದಿಲ್ಲ. ಸರ್ಜ್ ಪ್ರೊಟೆಕ್ಟರ್ ಅಂತ ಮಾರುವ ಬೋರ್ಡುಗಳೂ ಹೊಡೆತದ ಒಂದು ಪಾಲನ್ನು ದಬ್ಬುವುದು ಅರ್ತ್‌ಗೇ. ದಬ್ಬಲು ದಾರಿಯೇ ಇಲ್ಲದಿದ್ದರೆ ಆ ಪಾಲು ಎಲ್ಲಿಗೆ ಹೋಗಬೇಕು?

ಸಿಡಿಲು ಬೇರೆ ಜಾತಿ. ಕಾಫಿ ಹೂ ಅರಳಿಸುವ ಹೂಮಳೆಯ ಹೊತ್ತಿಗೆ, ಆಮೇಲೆ ಏಪ್ರಿಲ್ ಮೇ ಸಂಜೆಗಳಲ್ಲಿ ಗುಡುಗು ಶುರುವಾದರೆ ಸ್ವಿಚ್ ಆಫ್ ಮಾಡಿದರೆ ಸಾಲದು. ಗೋಡೆಯ ಸ್ವಿಚ್ ಕಡಿಯುವುದು ಫೇಸ್ ಒಂದನ್ನೇ. ನ್ಯೂಟ್ರಲ್ ಜೋಡಿಸಿಕೊಂಡೇ ಇರುತ್ತದೆ. ಅಲ್ಲದೆ ಮೋಡದಿಂದ ನೆಲಕ್ಕೆ ಹಾರಿಬಂದ ಸಿಡಿಲಿಗೆ ಸ್ವಿಚ್ಚಿನೊಳಗಿನ ಕೆಲವು ಮಿಲಿಮೀಟರ್ ಸಂದು ಏನು ಮಹಾ? ಪ್ಲಗ್ ಕಿತ್ತು ಹಾಕಿ. ಲ್ಯಾನ್ ಕೇಬಲ್ಲನ್ನೂ ಕೀಳಿ. ಫೈಬರ್ ಇಂಟರ್ನೆಟ್ಟಿನ ಗಾಜಿನ ಎಳೆಯಲ್ಲಿ ಕರೆಂಟು ಹರಿಯುವುದಿಲ್ಲ, ನಿಜ. ಆದರೆ ರೌಟರ್ ಕೂಡ ಗೋಡೆಗೇ ಚುಚ್ಚಿರುತ್ತದೆ, ಅಲ್ಲಿಂದ ಕಂಪ್ಯೂಟರಿಗೆ ತಾಮ್ರದ ತಂತಿ. ಮನೆಯಿಂದ ಗೋಡೌನಿಗೋ ಕಾಫಿ ಹಣ್ಣು ಸುಲಿಯುವ ಪಲ್ಪರ್ ಮನೆಗೋ ಮರದಿಂದ ಮರಕ್ಕೆ ಲ್ಯಾನ್ ಕೇಬಲ್ ಎಳೆದಿರುವುದನ್ನು ನೋಡಿದ್ದೇನೆ. ಅದು ಸಿಡಿಲಿಗೆ ಕಟ್ಟಿದ ತೋರಣ. ಅಷ್ಟು ದೂರಕ್ಕೆ ವೈಫೈ ಮಾಡಿ, ಇಲ್ಲವೇ ಫೈಬರ್ ಎಳೆಯಿರಿ.

ಬೂಸ್ಟು, ಇರುವೆ, ಹಲ್ಲಿ

ಮಳೆಗಾಲದಲ್ಲಿ ಬಟ್ಟೆ ಬೀರುವಿನಲ್ಲಿ ಸಣ್ಣ ಬಲ್ಬ್ ಉರಿಸಿಡುವವರಿಗೆ ತೇವದ ವಿಷಯ ಹೇಳಿಕೊಡಬೇಕಿಲ್ಲ. ಗಾಳಿ ಸ್ವಲ್ಪ ಬೆಚ್ಚಗಾದರೆ ಅದೇ ತೇವವನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಜಾಸ್ತಿಯಾಗುತ್ತದೆ, ವಸ್ತುಗಳ ಮೇಲೆ ಕೂರುವುದಿಲ್ಲ. ಕಂಪ್ಯೂಟರಿಗೂ ಅದೇ ಸೂತ್ರ, ಬಲ್ಬ್ ಅದರೊಳಗೇ ಇದೆ ಅಷ್ಟೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಲಸ ಇರಲಿ ಬಿಡಲಿ, ದಿನಕ್ಕೆ ಒಂದೆರಡು ಗಂಟೆ ಆನ್ ಮಾಡಿಡಿ. ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಸುತ್ತಿ ಮೂರು ತಿಂಗಳು ಇಟ್ಟರೆ ತೇವ ಒಳಗೇ ಸಿಕ್ಕಿಕೊಳ್ಳುತ್ತದೆ. ನೆಲದ ಮೇಲೆ, ಹೊರಗೋಡೆಗೆ ಒರಗಿಸಿ ಇಡಬೇಡಿ. ಕೈ ಹಿಡಿಯುವಷ್ಟು ಸಂದು ಬಿಡಿ.

ನಮ್ಮ ತಂಪಿನಲ್ಲಿ ಕ್ಯಾಬಿನೆಟ್ಟಿಗೆ ನಾಲ್ಕು ಫ್ಯಾನ್ ಬೇಕಿಲ್ಲ. ಪ್ರೊಸೆಸರ್ ಡಬ್ಬದಲ್ಲಿ ಬರುವ ಕೂಲರ್, ಹಿಂದೆ ಒಂದು ಫ್ಯಾನ್, ಮುಗಿಯಿತು. ಫ್ಯಾನ್ ಜಾಸ್ತಿಯಾದಷ್ಟೂ ಕಣದಲ್ಲಿ ಕಾಫಿ ಒಣಗಿಸುವ ಕಾಲದ ಧೂಳು ಜಾಸ್ತಿ ಒಳಗೆ ಬರುತ್ತದೆ. ಮುಂದೆ ಜಾಲರಿ ಇರುವ, ಹಿಂದಿನ ಕಾರ್ಡ್ ಜಾಗಗಳಿಗೆಲ್ಲ ಪಟ್ಟಿ ಮುಚ್ಚಿರುವ ಕ್ಯಾಬಿನೆಟ್ ನೋಡಿ. ಆ ಪಟ್ಟಿ ಒಂದು ಬಿದ್ದುಹೋದರೂ ಸಾಕು, ಬೆಚ್ಚಗಿನ ಜಾಗ ಹುಡುಕುವ ಇರುವೆ, ಹಲ್ಲಿ ಒಳಗೆ ಬಂದು ಸಂಸಾರ ಹೂಡುತ್ತವೆ. ಎಸ್‌ಎಂಪಿಎಸ್ ಒಳಗೆ ಸುಟ್ಟ ಹಲ್ಲಿಯನ್ನು ತೆಗೆಯುವ ಕೆಲಸ ನಾನು ಎರಡು ಸಲ ಮಾಡಿದ್ದೇನೆ. ಮೂರನೇ ಸಲ ಬೇಡ.

ಜೋಡಿಸುವ ಕೆಲಸವೇ ಇಡೀ ವ್ಯವಹಾರದಲ್ಲಿ ಸುಲಭದ್ದು, ಮೊದಲ ಸಲವಾದರೂ ಎರಡು ಗಂಟೆ. ಪ್ರೊಸೆಸರಿನ ಮೂಲೆಯ ತ್ರಿಕೋನ ಬೋರ್ಡಿನ ತ್ರಿಕೋನಕ್ಕೆ ಕೂರಬೇಕು, ಒತ್ತಬಾರದು. ರ‍್ಯಾಮ್ ಮಾತ್ರ 'ಟಕ್' ಅನ್ನುವವರೆಗೆ ಒತ್ತಬೇಕು. ಬೋರ್ಡಿನ ಮೇಲ್ತುದಿಯಲ್ಲಿ ಪ್ರೊಸೆಸರಿಗೆ ಅಂತಲೇ ಬೇರೆ ಪವರ್ ಕನೆಕ್ಟರ್ ಇದೆ, ಹೊಸಬರು ಮರೆಯುವುದು ಅದನ್ನೇ. ಬೋರ್ಡ್ ಮುಟ್ಟುವ ಮೊದಲು ಅರ್ತ್ ಆಗಿರುವ ಲೋಹವೊಂದನ್ನು ಮುಟ್ಟಿ. ಮಳೆಗಾಲದಲ್ಲಿ ಮೈಮೇಲೆ ಸ್ಟ್ಯಾಟಿಕ್ ಕೂರುವುದು ಕಡಿಮೆ. ಜನವರಿಯ ಒಣ ಚಳಿಯಲ್ಲಿ ಸ್ವೆಟರ್ ಹಾಕಿಕೊಂಡು ಈ ಕೆಲಸಕ್ಕೆ ಕೂರಬೇಡಿ.

ಒಳಗೆ ಏನು ಹಾಕುವುದು

ಟ್ಯಾಲಿ ಬೇಕು, ಡಿಜಿಟಲ್ ಸಹಿಯ ಪೆನ್‌ಡ್ರೈವ್ ಚುಚ್ಚಿ ಕೆಲಸ ಮಾಡಬೇಕು ಅನ್ನುವವರು ವಿಂಡೋಸ್ 11 ದುಡ್ಡು ಕೊಟ್ಟು ತೆಗೆದುಕೊಳ್ಳಿ. ಅಂಗಡಿಯಲ್ಲಿ "ಹಾಕಿಕೊಡ್ತೀವಿ ಬಿಡಿ" ಅನ್ನುವ ಕಳ್ಳ ಪ್ರತಿಯ ಜೊತೆ ಇನ್ನೇನೇನು ಬರುತ್ತದೋ ಹೇಳಲಾಗದು. ಬರೀ ಪತ್ರ, ಲೆಕ್ಕ, ಬ್ರೌಸರ್ ಸಾಕು ಅನ್ನುವವರಿಗೆ ಲಿನಕ್ಸ್ ಮಿಂಟ್ ಪುಕ್ಕಟೆ. ಈ ಪುಕ್ಕಟೆಗೆ ನನ್ನ ತಕರಾರಿಲ್ಲ. ಲಿಬ್ರೆ ಆಫೀಸ್ ಅದರಲ್ಲೇ ಇರುತ್ತದೆ, ಎಕ್ಸೆಲ್ ಫೈಲುಗಳನ್ನು ತೆರೆಯುತ್ತದೆ. ನುಡಿ ಅನ್ನುವ ಕನ್ನಡ ತಂತ್ರಾಂಶದಲ್ಲಿ ಕೈ ಪಳಗಿದವರಿಗೆ ಬೇಕಾದ ಕಗಪ ಕೀಲಿಮಣೆ ಲಿನಕ್ಸಿನಲ್ಲಿ ಮೊದಲೇ ಇದೆ, ಸೆಟ್ಟಿಂಗ್ಸಿಗೆ ಹೋಗಿ ಆರಿಸಿದರಾಯಿತು.

ಹಳೇ ನುಡಿ ಫೈಲುಗಳದ್ದು ಒಂದು ತಲೆನೋವು. ಹತ್ತಾರು ವರ್ಷದ ಪತ್ರಗಳನ್ನು ಹೊಸ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ಚಿತ್ರವಿಚಿತ್ರ ಅಕ್ಷರ ಬರುತ್ತವೆ. ಫೈಲ್ ಕೆಟ್ಟಿಲ್ಲ. ಆ ಕಾಲದಲ್ಲಿ ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಮೇಲೇ ಕನ್ನಡದ ಆಕಾರ ಕೂರಿಸುತ್ತಿದ್ದರು. ಆ ಫಾಂಟ್ ಇಲ್ಲದ ಕಡೆ ವೇಷ ಕಳಚಿ ಬೀಳುತ್ತದೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಅದರದೇ ಜಾಗ ಇದೆ. ಹಳೆಯದನ್ನು ಯೂನಿಕೋಡಿಗೆ ಬದಲಾಯಿಸುವ ಕನ್ವರ್ಟರ್‌ಗಳು ಸಿಗುತ್ತವೆ. ಬದಲಾಯಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಒಮ್ಮೆ ಕಣ್ಣಾಡಿಸಿ, ಎಡವುವುದು ಹೆಚ್ಚಾಗಿ ಅಲ್ಲೇ.

ಚೆಕ್‌ರೋಲ್ ಫೈಲಿನ ಒಂದು ಪ್ರತಿ ಪ್ರತಿ ಶನಿವಾರ ಪೆನ್‌ಡ್ರೈವಿಗೆ, ಇನ್ನೊಂದು ಗೂಗಲ್ ಡ್ರೈವಿಗೆ. ಅಲ್ಲಿ 15 ಜಿಬಿ ಪುಕ್ಕಟೆ. ಪೆನ್‌ಡ್ರೈವನ್ನು ಕಂಪ್ಯೂಟರಿನಲ್ಲೇ ಚುಚ್ಚಿಟ್ಟರೆ ಸಿಡಿಲು ಎರಡನ್ನೂ ಒಟ್ಟಿಗೆ ತೆಗೆದುಕೊಂಡು ಹೋಗುತ್ತದೆ. ಕಿತ್ತು ಮನೆಯೊಳಗೆ ಇಡಿ.

ಚಿಕ್ಕಪ್ಪನ ಆಫೀಸಿನ ಎರಡನೇ ಕಂಪ್ಯೂಟರ್ ಈಗಲೂ ಓಡುತ್ತಿದೆ. ಹೋದ ಮಳೆಗಾಲದಲ್ಲಿ ಎರಡು ಸಲ ಫೋನ್ ಬಂತು. ಒಮ್ಮೆ, "ಯಾವ ವೆಬ್‌ಸೈಟೂ ಸುರಕ್ಷಿತ ಅಲ್ಲ ಅಂತಿದೆ ಸಾರ್". ತಾರೀಕು ನೋಡಿ ಅಂದೆ, ಎಷ್ಟೋ ವರ್ಷ ಹಿಂದಿನದು. ಮದರ್‌ಬೋರ್ಡಿನ ಮೇಲಿನ ನಾಣ್ಯದಂಥ ಸಿಆರ್2032 ಬ್ಯಾಟರಿ ಮುಗಿದಿತ್ತು. ವೆಬ್‌ಸೈಟಿನ ಪ್ರಮಾಣಪತ್ರಕ್ಕೆ ಶುರು, ಕೊನೆ ಅಂತ ತಾರೀಕು ಇರುತ್ತದೆ. ಕಂಪ್ಯೂಟರ್ ತಾನು ಹಿಂದಿನ ಕಾಲದಲ್ಲಿದ್ದೇನೆ ಅಂದುಕೊಂಡರೆ ಅದಕ್ಕೆ ಎಲ್ಲವೂ ಮೋಸದಂತೆ ಕಾಣುತ್ತದೆ. ಮೂರು ವೋಲ್ಟಿನ ಆ ಬಿಲ್ಲೆ ನಾಪೋಕ್ಲು ಪೇಟೆಯಲ್ಲೇ ಸಿಕ್ಕಿತು. ಇನ್ನೊಮ್ಮೆ, ಆನ್ ಮಾಡಿದರೆ ಬರೀ ಪೀಂ ಪೀಂ, ಪರದೆ ಕಪ್ಪು. ರಸ್ತೆಗೆ ಮರ ಬಿದ್ದಿತ್ತು, ನಾನು ಹೋಗುವಂತಿರಲಿಲ್ಲ. ಪ್ಲಗ್ ಕೀಳಿಸಿ, ರ‍್ಯಾಮ್ ಪಟ್ಟಿ ತೆಗೆಸಿ, ಮಗಳ ಕಂಪಾಸ್ ಬಾಕ್ಸಿನ ರಬ್ಬರಿನಿಂದ ಅದರ ಚಿನ್ನದ ಬಣ್ಣದ ಅಂಚನ್ನು ಮೆತ್ತಗೆ ಉಜ್ಜಲು ಹೇಳಿದೆ. ತೇವಕ್ಕೆ ಕೂತ ಪದರ ಅದು. ಉಜ್ಜಿ, ಪುಡಿ ಊದಿ, 'ಟಕ್' ಅಂತ ಒತ್ತಿದರು. ಅವತ್ತು ಕಕ್ಕಡ ಹದಿನೆಂಟು, ಕೊಡಗಿನಲ್ಲಿ ಮದ್ದುಸೊಪ್ಪಿನ ಅಡುಗೆ ಉಣ್ಣುವ ದಿನ. ಫೋನಿನ ಆಚೆ ಕಡೆಯಿಂದ ಚಿಕ್ಕಮ್ಮನ ದನಿ, ಮದ್ದುಸೊಪ್ಪಿನ ಪಾಯಸ ಆರುತ್ತಿದೆ, ಇನ್ನೂ ಆಗಲಿಲ್ಲವಾ ಅಂತ. "ಬಂತು ಸಾರ್" ಅಂದರು ರೈಟರ್.